ಎಳೆ ಹರಿದರೂ ನಿಲ್ಲದ ಮಗ್ಗ

ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು. ನೇಯುತ್ತಿರುವಾಗ ಒಂದೇ ಒಂದು ಎಳೆ ಹರಿದರೂ ಮಗ್ಗ ತಾನಾಗಿ ನಿಂತುಬಿಡುತ್ತಿತ್ತು. ಹರಿದ ಎಳೆಯನ್ನು ಗಮನಿಸದೆ ಗಜಗಟ್ಟಲೆ ನೇಯ್ದು, ಆಮೇಲೆ ಇಡೀ ಬಟ್ಟೆಯನ್ನು ಬಿಸಾಡುವ ಪ್ರಸಂಗ ಬರುತ್ತಿರಲಿಲ್ಲ. ಆ ಮಗ್ಗದ ಪೇಟೆಂಟ್ ಹಕ್ಕು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಮಾರಾಟವಾಯಿತು. ಮಗ ಕೀಚಿರೋ ಟೊಯೋಡಾ ಮಾಡಿದ ಕಾರಿನ ಪ್ರಯೋಗಗಳಿಗೆ ಆ ಹಣ ಆಸರೆಯಾಯಿತು. ಹಾಗೆ ಹುಟ್ಟಿದ ಟೊಯೋಟಾ, ಮಗ್ಗದ ಆ ಗುಣವನ್ನೇ ಕಾರು ಜೋಡಿಸುವ ಸಾಲಿಗೂ ತಂದಿತು. ಸಾಲಿನಲ್ಲಿ ನಿಂತ ಯಾವ ಕಾರ್ಮಿಕನಾದರೂ ತಪ್ಪು ಕಂಡ ಕೂಡಲೇ ತಲೆಯ ಮೇಲಿನ ಹಗ್ಗ ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ತಪ್ಪು ತಿದ್ದುವ ತನಕ ಕಾರು ಮುಂದೆ ಹೋಗುವುದಿಲ್ಲ. ಜಗತ್ತಿನ ವಾಹನ ಕಾರ್ಖಾನೆಗಳು ಗುಣಮಟ್ಟ ಎಂದರೇನೆಂದು ಬಹುಮಟ್ಟಿಗೆ ಕಲಿತದ್ದು ಈ ಹಗ್ಗದಿಂದ.

2023ರ ಆಗಸ್ಟ್ 29ರಂದು ಜಪಾನಿನಲ್ಲಿರುವ ಟೊಯೋಟಾದ 14 ಕಾರ್ಖಾನೆಗಳೂ ನಿಂತವು. ಅಂದು ಹಗ್ಗ ಎಳೆದವರು ಯಾರೂ ಇರಲಿಲ್ಲ. ಎರಡು ದಿನ ಹಿಂದೆ ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳಲ್ಲಿ ನಿರ್ವಹಣೆಯ ಕೆಲಸ ನಡೆದಿತ್ತು. ಹಳೆಯ ಡೇಟಾ ಅಳಿಸಿ ಜೋಡಿಸುವಾಗ ಡಿಸ್ಕಿನಲ್ಲಿ ಜಾಗ ಸಾಲದೆ ವ್ಯವಸ್ಥೆ ಕೈಕೊಟ್ಟಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಪರ್ಯಾಯ ಸರ್ವರ್ ಕೂಡ ಅದೇ ವ್ಯವಸ್ಥೆಯ ಮೇಲೆ ನಿಂತಿದ್ದರಿಂದ ಅದೂ ಅದೇ ರೀತಿ ಸೋತಿತು. ಹೆಚ್ಚು ಜಾಗದ ಸರ್ವರ್‌ಗೆ ಡೇಟಾ ಸಾಗಿಸಿದ ಮೇಲೆ ಮಾರನೆಯ ದಿನ ಕೆಲಸ ಮತ್ತೆ ಶುರುವಾಯಿತು. ಬಿಡಿಭಾಗ ಬೇಕಾದ ಗಳಿಗೆಗೇ ಬಂದು ಸೇರಬೇಕೆಂಬ ಶಿಸ್ತನ್ನು ಜಗತ್ತಿಗೆ ಕಲಿಸಿದ ಕಂಪನಿ ಒಂದು ಡಿಸ್ಕಿನ ಜಾಗದ ಮುಂದೆ ಕೈಚೆಲ್ಲಿ ಕುಳಿತ ದಿನ ಅದು. ಎರಡು ವರ್ಷ ಕಳೆದು, 2025ರ ಆಗಸ್ಟ್ ಕೊನೆಯಲ್ಲಿ, ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ ಸೈಬರ್ ದಾಳಿಯಾಯಿತು. ಬ್ರಿಟನ್ನಿನ ಅದರ ಕಾರ್ಖಾನೆಗಳು ಒಂದು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಹಾಕಿಕೊಂಡವು. ಬ್ರಿಟನ್ನಿನ ಆರ್ಥಿಕತೆಗೆ ಆದ ನಷ್ಟ 190 ಕೋಟಿ ಪೌಂಡ್ ಎಂದು ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜಿಸಿತು. ಅದರಲ್ಲಿ ಒಂದು ಪಾಲು ಬಿದ್ದದ್ದು ಆ ಕಂಪನಿಯನ್ನೇ ನಂಬಿದ್ದ ಸಣ್ಣಪುಟ್ಟ ಪೂರೈಕೆದಾರರ ತಲೆಯ ಮೇಲೆ.

ಕಾರುಗಳು ಹೆಚ್ಚು ಜಾಣವಾದವೇ, ಕಾರ್ಖಾನೆಗಳು ಡಿಜಿಟಲ್ ಆದವೇ ಎಂಬ ಪ್ರಶ್ನೆ ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಲೋಹದ ವಿಷಯದಲ್ಲಿ ಈ ಉದ್ಯಮ ತಪ್ಪಾದ ಕೂಡಲೇ ನಿಲ್ಲಿಸುವ ವಿದ್ಯೆಯನ್ನು ದಶಕಗಟ್ಟಲೆ ತೇಯ್ದು ಕಲಿತಿದೆ. ಸಾಫ್ಟ್‌ವೇರ್ ವಿಷಯದಲ್ಲಿ ಹಗ್ಗ ಯಾರ ಕೈಯಲ್ಲಿದೆ? ಕಾರಿನ ಸಾಫ್ಟ್‌ವೇರ್‌ನ ಸುಮಾರು ಐದು ದಶಕಗಳ ಕಥೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕೆನಿಸುತ್ತದೆ.

ಕಾರಿನೊಳಕ್ಕೆ ಕಂಪ್ಯೂಟರ್ ಸದ್ದಿಲ್ಲದೆ ಬಂತು. 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಲ್ಲಿ ಒಂದೇ ಮೈಕ್ರೊಪ್ರೊಸೆಸರ್ ಇತ್ತು, ಅದರ ಕೆಲಸ ಕಿಡಿ ಹಾರುವ ಗಳಿಗೆಯನ್ನು ನಿರ್ಧರಿಸುವುದಷ್ಟೆ. ಮರುವರ್ಷ ಬಾಷ್ ಕಂಪನಿಯ ಎಬಿಎಸ್ ಬ್ರೇಕ್ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಬಂತು. ಇಂಥ ಕಂಪ್ಯೂಟರ್ ಪೆಟ್ಟಿಗೆಗಳು ಹೆಚ್ಚಿದಂತೆ ವೈರುಗಳ ಗಂಟು ದಪ್ಪವಾಯಿತು, ಅದನ್ನು ಬಿಡಿಸಲು ಬಾಷ್ 1986ರಲ್ಲಿ ಕ್ಯಾನ್ ಎಂಬ ಸಂಪರ್ಕ ವ್ಯವಸ್ಥೆಯನ್ನು ಮುಂದಿಟ್ಟಿತು. ಎಂಜಿನ್ನಿಗೊಂದು, ಬ್ರೇಕಿಗೊಂದು, ಕಿಟಕಿಗೊಂದು, ಸೀಟಿಗೊಂದು ಎಂದು ಸೇರುತ್ತಾ ಹೋಗಿ ದುಬಾರಿ ಕಾರುಗಳಲ್ಲಿ ಇಸಿಯು ಎಂಬ ಈ ಪೆಟ್ಟಿಗೆಗಳು ನೂರರ ಗಡಿ ಮುಟ್ಟಿದವು. ಇಂದಿನ ಕಾರಿನಲ್ಲಿ ಹತ್ತು ಕೋಟಿ ಸಾಲು ಕೋಡ್ ಇದೆ ಎಂದು ಉದ್ಯಮದವರು ಹೆಮ್ಮೆಯಿಂದ ಹೇಳುತ್ತಾರೆ. ಮನೆಯ ಗಟ್ಟಿತನವನ್ನು ಇಟ್ಟಿಗೆ ಎಣಿಸಿ ಹೇಳಲಾಗದು, ಸಾಲು ಎಣಿಸಿ ಕೋಡನ್ನೂ ಅಳೆಯಲಾಗದು. ಆ ಸಂಖ್ಯೆ ಹೇಳುವುದು ಒಂದನ್ನೇ: ಇಡೀ ಕಾರನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಮನುಷ್ಯ ಈಗ ಇಲ್ಲ.

ಲೋಹದ ದೋಷಕ್ಕೂ ಕೋಡಿನ ದೋಷಕ್ಕೂ ಇರುವ ಅಂತರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಉದ್ಯಮ ಎಡವಿದ್ದು ಅಲ್ಲೇ. ಬೇರಿಂಗ್ ಸವೆಯುತ್ತದೆ. ಸವೆಯುವ ಮೊದಲು ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ. ಸಾವಿರ ಬೇರಿಂಗ್‌ಗಳಲ್ಲಿ ಎಷ್ಟು, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಹಾಳಾಗುತ್ತವೆ ಎಂದು ಲೆಕ್ಕ ಕಟ್ಟಬಹುದು. ಕೋಡ್ ಸವೆಯುವುದಿಲ್ಲ. ಅದರಲ್ಲಿರುವ ತಪ್ಪು ಮೊದಲ ದಿನವೇ ಇರುತ್ತದೆ, ಅದೇ ಮಾದರಿಯ ಪ್ರತಿಯೊಂದು ಕಾರಿನಲ್ಲೂ ಇರುತ್ತದೆ. ಯಾವುದೋ ಅಪರೂಪದ ಸನ್ನಿವೇಶ ಒದಗಿ ಬರುವ ತನಕ ಉಸಿರೆತ್ತದೆ ಕೂತಿರುತ್ತದೆ. ಜನರಲ್ ಮೋಟರ್ಸ್ 2016ರಲ್ಲಿ ಸುಮಾರು 43 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಏರ್‌ಬ್ಯಾಗನ್ನು ನಿಯಂತ್ರಿಸುವ ಕಂಪ್ಯೂಟರ್ ಅಪರೂಪಕ್ಕೊಮ್ಮೆ, ಓಡುವ ಕಾರಿನಲ್ಲೇ, ಪರೀಕ್ಷಾ ಸ್ಥಿತಿಗೆ ಜಾರುತ್ತಿತ್ತು. ಆಗ ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ, ಸೀಟ್ ಬೆಲ್ಟ್ ಬಿಗಿಯಾಗುತ್ತಿರಲಿಲ್ಲ. ಒಂದು ಸಾವು ಈ ದೋಷಕ್ಕೆ ತಳುಕು ಹಾಕಿಕೊಂಡಿತ್ತು. ಪರೀಕ್ಷೆಗೆಂದು ಮಾಡಿದ ಬಾಗಿಲು ತೆರೆದೇ ಉಳಿದು ಜೀವ ತೆಗೆಯಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಟೊಯೋಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ಅಮೆರಿಕದ ದೂರುಗಳು. ಸರ್ಕಾರ ನಾಸಾ ಸಂಸ್ಥೆಯ ಎಂಜಿನಿಯರುಗಳನ್ನು ಕರೆಸಿ ತನಿಖೆ ಮಾಡಿಸಿತು. ಇಲೆಕ್ಟ್ರಾನಿಕ್ ಕಾರಣಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದು 2011ರ ವರದಿ ಹೇಳಿತು. ಸಿಗಲಿಲ್ಲ ಎಂದರೆ ಇಲ್ಲವೇ ಇಲ್ಲ ಎಂದು ಸಾಬೀತಾದಂತಲ್ಲ ಎಂಬ ಮಾತೂ ಅದರಲ್ಲಿತ್ತು. 2007ರಲ್ಲಿ ಓಕ್ಲಹೋಮಾದಲ್ಲಿ 2005ರ ಮಾದರಿಯ ಕ್ಯಾಮ್ರಿ ಕಾರು ಅಪಘಾತಕ್ಕೀಡಾಗಿ ಒಬ್ಬ ಮಹಿಳೆ ತೀರಿಕೊಂಡಿದ್ದರು. ಆ ಮೊಕದ್ದಮೆಯಲ್ಲಿ ಮೈಕಲ್ ಬಾರ್ ಎಂಬ ಎಂಬೆಡೆಡ್ ತಜ್ಞ ತಿಂಗಳುಗಟ್ಟಲೆ ಮೂಲ ಕೋಡನ್ನೇ ಓದಿ 2013ರಲ್ಲಿ ಸಾಕ್ಷಿ ನುಡಿದರು. ಎಲ್ಲಿಂದ ಬೇಕಾದರೂ ಯಾರು ಬೇಕಾದರೂ ಬದಲಿಸಬಹುದಾದ ಗ್ಲೋಬಲ್ ವೇರಿಯಬಲ್‌ಗಳು ಹತ್ತು ಸಾವಿರಕ್ಕೂ ಹೆಚ್ಚಿದ್ದವು ಎಂದರು. ಮೆಮೊರಿಯಲ್ಲಿ ಒಂದು ಬಿಟ್ ಮಗುಚಿದರೆ ಥ್ರಾಟಲ್ ನೋಡಿಕೊಳ್ಳುವ ಕೆಲಸವೇ ಸತ್ತು ಬೀಳಬಹುದೆಂದೂ, ಅದನ್ನು ಕಾಯಬೇಕಾದ ಕಾವಲು ವ್ಯವಸ್ಥೆಗೆ ಅದರ ಅರಿವೇ ಆಗದಿರಬಹುದೆಂದೂ ವಿವರಿಸಿದರು. ತೀರ್ಪುಗಾರರು ಟೊಯೋಟಾ ವಿರುದ್ಧ ನಿರ್ಧರಿಸಿದರು, ಕಂಪನಿ ರಾಜಿ ಮಾಡಿಕೊಂಡಿತು. ಆ ದಿನ ಆ ಕಾರಿನಲ್ಲಿ ನಡೆದದ್ದು ಇದೇ ಎಂದು ಇಂದಿಗೂ ಪ್ರಮಾಣ ಮಾಡಿ ಹೇಳಲಾಗದು, ಏಕೆಂದರೆ ಮಗುಚಿದ ಬಿಟ್ ಹಿಂದೆ ಗುರುತು ಬಿಟ್ಟುಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಹಗ್ಗ ಎಳೆದು ಸಾಲು ನಿಲ್ಲಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟ ಕಂಪನಿಯಲ್ಲೇ, ಅಂಥ ಕೋಡ್ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ನಿಲ್ಲದೆ ಸಾಗಿತ್ತು.

ನಿಯಮಗಳು ಇರಲಿಲ್ಲವೇ? ಇದ್ದವು. ಸಿ ಭಾಷೆಯಲ್ಲಿ ಏನು ಬರೆಯಬಾರದೆಂದು ಹೇಳುವ ಮಿಸ್ರಾ ಸೂತ್ರಗಳು 1998ರಲ್ಲೇ ಬಂದಿದ್ದವು. 2011ರಲ್ಲಿ ಐಎಸ್‌ಒ 26262 ಬಂತು, 2018ರಲ್ಲಿ ಪರಿಷ್ಕಾರವಾಯಿತು. ದೋಷವಾದರೆ ಎಷ್ಟು ಪೆಟ್ಟಾಗುತ್ತದೆ, ಅಂಥ ಸಂದರ್ಭ ಎಷ್ಟು ಸಲ ಬರುತ್ತದೆ, ಚಾಲಕ ಅದನ್ನು ಸಂಭಾಳಿಸಬಲ್ಲನೇ ಎಂದು ಮೂರು ಪ್ರಶ್ನೆ ಕೇಳಿ ಎ ಯಿಂದ ಡಿ ವರೆಗೆ ದರ್ಜೆ ಕೊಡುವ ಮಾನದಂಡ ಅದು. ಬಹಳ ವಿವೇಕದ ಕೆಲಸ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ಕಂಪನಿ ಅದನ್ನು ಪಾಲಿಸಲು ಕಡತ ತುಂಬಿಸಬಹುದು, ಯೋಚಿಸಲೂಬಹುದು. ಆಡಿಟ್ ಮಾಡುವವರಿಗೆ ಎರಡೂ ಒಂದೇ ರೀತಿ ಕಾಣುವ ಅಪಾಯವಿದೆ.

ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಸಾಫ್ಟ್‌ವೇರ್‌ನಲ್ಲಿ ದೋಷವೇ ಇರಲಿಲ್ಲ. ಹೇಳಿದ್ದನ್ನು ಅದು ಕರಾರುವಾಕ್ಕಾಗಿ ಮಾಡುತ್ತಿತ್ತು: ಕಾರು ಪ್ರಯೋಗಾಲಯದ ರೋಲರ್ ಮೇಲಿದೆಯೋ ರಸ್ತೆಯ ಮೇಲಿದೆಯೋ ಎಂದು ಗುರುತಿಸಿ, ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಡಿಮೆ ಮಾಡುತ್ತಿತ್ತು. ಸುಮಾರು 1.1 ಕೋಟಿ ಕಾರುಗಳಲ್ಲಿ ಈ ಕೋಡ್ ಇತ್ತು. ಅದು ಹೊರಬಿದ್ದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡದಿಂದ. ಭಾರತದಿಂದ ಓದಲು ಹೋಗಿದ್ದ ಹೇಮಂತ್ ಕಪ್ಪಣ್ಣ ಕೂಡ ಆ ತಂಡದಲ್ಲಿದ್ದರು. ಅವರು ಮಾಡಿದ್ದು ಸರಳವಾದ ಕೆಲಸ. ಹೊಗೆ ಅಳೆಯುವ ಯಂತ್ರವನ್ನು ಕಾರಿನ ಹಿಂದೆ ಕಟ್ಟಿಕೊಂಡು ನಿಜವಾದ ರಸ್ತೆಗಿಳಿದರು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಾಗ ಜಗತ್ತಿಗೆ ತಿಳಿಯಿತು. ಗುಣಮಟ್ಟ ಎಂದರೆ ನಿರ್ದಿಷ್ಟಪಡಿಸಿದ್ದಕ್ಕೆ ಹೊಂದುವುದು ಎಂಬ ಹಳೆಯ ವ್ಯಾಖ್ಯೆ ಅಂದು ಕುಸಿಯಿತು. ನಿರ್ದಿಷ್ಟಪಡಿಸಿದ್ದೇ ಮೋಸವಾದಾಗ ಹಗ್ಗವನ್ನು ಹೊರಗಿನವರೇ ಎಳೆಯಬೇಕಾಗುತ್ತದೆ.

ನಿರ್ದಿಷ್ಟಪಡಿಸುವಾಗಲೇ ಮನುಷ್ಯರನ್ನು ಮರೆತ ಉದಾಹರಣೆಯೂ ಇದೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪೆ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು ಗುದ್ದಿತು, ಅವರು ತೀರಿಕೊಂಡರು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರು ಅವರನ್ನು ಕಂಡಿತ್ತು ಎಂದು ತನಿಖೆ ತಿಳಿಸಿತು. ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ ಬೇರೇನೋ ವಸ್ತು ಎಂದುಕೊಂಡಿತು, ಒಮ್ಮೆ ಸೈಕಲ್ ಎಂದುಕೊಂಡಿತು. ಪ್ರತಿ ಸಲ ಅಭಿಪ್ರಾಯ ಬದಲಿಸಿದಾಗಲೂ ಅವರು ಅಲ್ಲಿಯವರೆಗೆ ನಡೆದ ದಾರಿಯ ನೆನಪನ್ನು ಅಳಿಸಿ ಹೊಸದಾಗಿ ಶುರು ಮಾಡುತ್ತಿತ್ತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಜನ ರಸ್ತೆ ದಾಟುತ್ತಾರೆ ಎಂಬ ಸಂಗತಿಯನ್ನೇ ಆ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಮುಂದೆ ಒಂದು ಗಳಿಗೆ ನಿಂತವರಿಗೆ ಈ ವಾಕ್ಯ ಓದಿ ಎದೆ ಝಲ್ಲೆನ್ನದಿರದು. ಈ ಕೊರತೆ ತುಂಬಲು ಹೈದರಾಬಾದಿನ ಐಐಐಟಿಯವರು ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ಕ್ಯಾಮೆರಾ ಕಟ್ಟಿದ ಕಾರು ಓಡಿಸಿ, ಹತ್ತು ಸಾವಿರ ಚಿತ್ರಗಳನ್ನು ಗುರುತು ಹಾಕಿ ಸಂಶೋಧಕರ ಮುಂದಿಟ್ಟರು. ಆಟೊರಿಕ್ಷಾ ಮತ್ತು ಪ್ರಾಣಿಗಳು ಅದರಲ್ಲಿ ಪ್ರತ್ಯೇಕ ವರ್ಗಗಳು.

ಕಾರು ಕಂಪನಿಗಳ ಒಳಗೆ ತೊಡಕು ಇನ್ನೊಂದು ರೀತಿಯದು. ದಶಕಗಳ ಕಾಲ ಅವು ಸಾಫ್ಟ್‌ವೇರನ್ನು ಬೋಲ್ಟು, ನಟ್ಟುಗಳ ಹಾಗೆ ಕೊಂಡವು. ಬ್ರೇಕಿನ ಪೆಟ್ಟಿಗೆ ಒಬ್ಬರದು, ಸ್ಟೀರಿಂಗಿನದು ಇನ್ನೊಬ್ಬರದು, ಒಳಗಿನ ಕೋಡ್ ಅವರವರ ಗುಟ್ಟು. ಪ್ರತಿ ಪೆಟ್ಟಿಗೆಯೂ ತನ್ನ ಪರೀಕ್ಷೆಯಲ್ಲಿ ಪಾಸ್. ಎರಡು ಪೆಟ್ಟಿಗೆ ಸೇರುವ ಹೊಲಿಗೆಯಲ್ಲಿ ಬಿಚ್ಚಿದರೆ ಅದು ಯಾರದೂ ಅಲ್ಲ. ಫೋಕ್ಸ್‌ವ್ಯಾಗನ್ ಗ್ರೂಪ್ ಇದನ್ನು ಸರಿಪಡಿಸಲು ಹೊರಟದ್ದು ಸರಿಯಾದ ನಿರ್ಧಾರವೇ. ಅದು ಕಲಿತ ರೀತಿ ಮಾತ್ರ ನೋವಿನದು. ಎಂಟನೇ ತಲೆಮಾರಿನ ಗಾಲ್ಫ್ ಕಾರಿನ ವಿತರಣೆಯನ್ನು 2020ರಲ್ಲಿ ತುರ್ತು ಕರೆಯ ಸಾಫ್ಟ್‌ವೇರ್ ದೋಷದಿಂದಾಗಿ ಕೆಲಕಾಲ ನಿಲ್ಲಿಸಬೇಕಾಯಿತು. ಐಡಿ.3 ಎಂಬ ವಿದ್ಯುತ್ ಕಾರು ಸಾಫ್ಟ್‌ವೇರ್ ಪೂರ್ತಿಯಾಗದೆಯೇ ಸಾಲಿನಿಂದ ಹೊರಬಂದು ಮೈದಾನಗಳಲ್ಲಿ ನಿಂತಿತು. ಆ ವರ್ಷವೇ ಶುರುವಾದ ಕ್ಯಾರಿಯಾಡ್ ಎಂಬ ಸಾಫ್ಟ್‌ವೇರ್ ಕಂಪನಿಗೆ ಗುಂಪಿನ ಎಲ್ಲ ಬ್ರಾಂಡುಗಳ ಆಸೆಯನ್ನೂ ಹೊರಿಸಲಾಯಿತು. ಪೋರ್ಷೆಯ ವಿದ್ಯುತ್ ಮಕಾನ್ ಮತ್ತು ಆಡಿ ಕ್ಯೂ6 ಇ-ಟ್ರಾನ್ ತಡವಾದವು. 2022ರಲ್ಲಿ ಮುಖ್ಯಸ್ಥ ಹರ್ಬರ್ಟ್ ಡೀಸ್ ಹುದ್ದೆ ಬಿಟ್ಟರು. 2024ರಲ್ಲಿ ಅಮೆರಿಕದ ಪುಟ್ಟ ರಿವಿಯನ್ ಕಂಪನಿಯ ಜೊತೆ 580 ಕೋಟಿ ಡಾಲರ್ ತನಕದ ಒಪ್ಪಂದವಾಯಿತು. ಹಣವಾಗಲಿ ಎಂಜಿನಿಯರುಗಳಾಗಲಿ ಅವರಿಗೆ ಕಡಿಮೆ ಇರಲಿಲ್ಲ. ತಾರೀಕು ಮೊದಲು ನಿಗದಿಯಾಗಿ, ಕೋಡ್ ಅದರ ಹಿಂದೆ ಓಡುವ ಪದ್ಧತಿಯೇ ಅವರನ್ನು ಕೆಡವಿತೆಂದು ನನಗನ್ನಿಸುತ್ತದೆ. ಉತ್ಪಾದನೆ ಶುರುವಾಗುವ ದಿನ ಈ ಉದ್ಯಮದಲ್ಲಿ ಮದುವೆಯ ಮುಹೂರ್ತದಂತೆ. ಏನಾದರೂ ಅದನ್ನು ದಾಟಿಸುವಂತಿಲ್ಲ.

ತಾರೀಕಿನ ಭಯ ತಗ್ಗಿಸಿದ್ದು ಗಾಳಿಯ ಮೂಲಕ ಬರುವ ಅಪ್‌ಡೇಟ್, ಉದ್ಯಮದವರ ಬಾಯಲ್ಲಿ ಓಟಿಎ. ಇದರ ಒಳಿತನ್ನು ಮುಚ್ಚಿಡಬಾರದು. 2018ರಲ್ಲಿ ಟೆಸ್ಲಾದ ಮಾಡೆಲ್ 3 ಬ್ರೇಕ್ ಹಾಕಿದ ಮೇಲೆ ನಿಲ್ಲಲು 152 ಅಡಿ ತೆಗೆದುಕೊಳ್ಳುತ್ತದೆ ಎಂದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೀಕಿಸಿತು. ಕೆಲವೇ ದಿನಗಳಲ್ಲಿ ಕಂಪನಿ ಅಪ್‌ಡೇಟ್ ಕಳಿಸಿತು, ದೂರ 133 ಅಡಿಗೆ ಇಳಿಯಿತು. ಅದಕ್ಕೂ ಮೂರು ವರ್ಷ ಹಿಂದೆ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿಯನ್ನು ದೂರದಿಂದಲೇ ವಶಕ್ಕೆ ತೆಗೆದುಕೊಂಡು ತೋರಿಸಿದಾಗ, 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಗಿ ಬಂದು ಮಾಲೀಕರಿಗೆ ಅಂಚೆಯಲ್ಲಿ ಪೆನ್‌ಡ್ರೈವ್ ಕಳಿಸಲಾಗಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದರೆ ಓಟಿಎ ದೊಡ್ಡ ವರವೇ.

ಆದರೆ ತೇಪೆ ಹಾಕುವುದು ಸುಲಭವಾದಷ್ಟೂ ಹರಿದ ಬಟ್ಟೆ ಮಾರುವ ಧೈರ್ಯ ಹೆಚ್ಚುತ್ತದೆ. ತೇಪೆಯೇ ಹೊಸ ಹರಕು ತರುವುದೂ ಉಂಟು. 2023ರ ನವೆಂಬರಿನಲ್ಲಿ ರಿವಿಯನ್ ತಪ್ಪು ಭದ್ರತಾ ಪ್ರಮಾಣಪತ್ರವಿದ್ದ ಅಪ್‌ಡೇಟನ್ನು ಕಳಿಸಿ ತನ್ನ ಒಂದಷ್ಟು ವಾಹನಗಳ ಪರದೆಗಳನ್ನು ಕತ್ತಲು ಮಾಡಿತು. 2025ರಲ್ಲಿ ವೋಲ್ವೊ ಕಾರುಗಳಲ್ಲಿ ಕಂಡದ್ದು ಇನ್ನೂ ಗಂಭೀರ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ, ಪೆಡಲ್ ಬಿಟ್ಟರೇ ವೇಗ ತಗ್ಗುವ ವಿಶೇಷ ಚಾಲನಾ ಸ್ಥಿತಿಯಲ್ಲಿ ಪೆಡಲ್ ಮುಟ್ಟದೆ ಸುಮಾರು 100 ಸೆಕೆಂಡ್ ಇಳಿಜಾರಿನಲ್ಲಿ ಸಾಗಿ ಆಮೇಲೆ ಬ್ರೇಕ್ ಒತ್ತಿದರೆ, ಬ್ರೇಕ್ ಕೆಲಸ ಮಾಡದೆ ಹೋಗಬಹುದಿತ್ತು. ಅಮೆರಿಕದಲ್ಲೇ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಇದರ ರಿಕಾಲ್ ಆಯಿತು. ಆಗುಂಬೆಯನ್ನೋ ಶಿರಾಡಿಯನ್ನೋ ಇಳಿದವರಿಗೆ 100 ಸೆಕೆಂಡ್ ಇಳಿಜಾರು ಎಂದರೆ ಎಷ್ಟು ಮಾಮೂಲಿ ಎಂದು ಗೊತ್ತು. ಬೆಂಚಿನ ಮೇಲೆ ಪರೀಕ್ಷೆ ಮಾಡುವವರಿಗೆ ಏನೂ ಆಗದೆ ಕಳೆಯುವ 100 ಸೆಕೆಂಡ್ ವ್ಯರ್ಥ ಕಾಲ. ದೋಷ ಅಡಗಿದ್ದು ಅಂಥ ಖಾಲಿ ಹೊತ್ತಿನಲ್ಲಿ.

ಈ ಬೆಂಚುಗಳ ಮಾತು ಬಂದರೆ ಬೆಂಗಳೂರಿನ ಮಾತು ಬರಲೇಬೇಕು. ಮೈಕೋ ಎಂಬ ಹೆಸರಿನಲ್ಲಿ 1951ರಿಂದ ನಮಗೆ ಪರಿಚಿತವಾದ ಬಾಷ್, ಜರ್ಮನಿಯ ಹೊರಗಿನ ತನ್ನ ಅತಿ ದೊಡ್ಡ ಸಾಫ್ಟ್‌ವೇರ್ ನೆಲೆಯನ್ನು ಭಾರತದಲ್ಲಿ ಕಟ್ಟಿದೆ, ಅದರ ಕೇಂದ್ರ ಕೋರಮಂಗಲ. ಮರ್ಸಿಡಿಸ್ ಬೆಂಝ್‌ನ ಸಂಶೋಧನಾ ಕೇಂದ್ರ 1996ರಿಂದ ಇಲ್ಲಿದೆ. ಟಾಟಾ ಎಲೆಕ್ಸಿ ಮತ್ತಿತರ ಕಂಪನಿಗಳಲ್ಲಿ ಹಾಸನ, ದಾವಣಗೆರೆ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ಯೂರೋಪಿನ ಕಾರುಗಳ ಬ್ರೇಕಿಗೆ, ಎಂಜಿನ್ನಿಗೆ, ಕ್ಯಾಮೆರಾಗಳಿಗೆ ಕೋಡ್ ಬರೆಯುತ್ತಾರೆ, ಪರೀಕ್ಷಿಸುತ್ತಾರೆ. ಅವರಲ್ಲಿ ಕೆಲವರು ಹಾರ್ಡ್‌ವೇರ್ ಇನ್ ದ ಲೂಪ್ ಬೆಂಚಿನ ಮುಂದೆ ಕೂರುತ್ತಾರೆ: ನಿಜವಾದ ಇಸಿಯು, ಸುಳ್ಳು ಕಾರು. ಚಕ್ರ ತಿರುಗುತ್ತಿದೆ, ರಸ್ತೆ ಜಾರುತ್ತಿದೆ ಎಂದು ಇಸಿಯುವನ್ನು ನಂಬಿಸಿ ಅದು ಏನು ಮಾಡುತ್ತದೆಂದು ನೋಡುವ ಕಸುಬು. ಇದು ಬಹಳ ಘನವಾದ ಕೆಲಸ, ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ತೀರ ಕಡಿಮೆ ಎಂಬ ಕೊರಗು ನನಗಿದೆ.

ಆದರೆ ಕೆಲಸ ಹರಿದು ಬರುವ ರೀತಿ ಯೋಚಿಸುವಂಥದು. ಏನು ಬೇಕೆಂಬುದು ಅಲ್ಲಿ ನಿರ್ಧಾರವಾಗುತ್ತದೆ, ತುಣುಕಾಗಿ ಇಲ್ಲಿಗೆ ಬರುತ್ತದೆ, ಟಿಕೆಟ್ ಸಂಖ್ಯೆಯಾಗಿ ಒಬ್ಬರ ಮೇಜಿಗೆ ಬೀಳುತ್ತದೆ. ಆ ತುಣುಕು ಇಡೀ ಕಾರಿನಲ್ಲಿ ಎಲ್ಲಿ ಕೂರುತ್ತದೆಂದು ತಿಳಿಯದೆ, ಆ ಕಾರಿನಲ್ಲಿ ಒಮ್ಮೆಯೂ ಕೂರದೆ, ಅದನ್ನು ಮುಗಿಸಬಹುದು. ರಿಲೀಸ್ ನಾಳೆ ಇದೆ ಎಂದಾಗ, ಅವಶ್ಯಕತೆಯ ಪಟ್ಟಿಯಲ್ಲಿ ಇಲ್ಲದ ಒಂದು ಅನುಮಾನ ಇಲ್ಲಿನ ಟೆಸ್ಟರ್‌ಗೆ ಹೊಳೆದರೆ, ಆಕೆ ಕೈಯೆತ್ತಿ ನಿಲ್ಲಿಸಬಲ್ಲಳೇ? ಹಾಗೆ ನಿಲ್ಲಿಸಿದವರಿಗೆ ಕಂಪನಿಯಲ್ಲಿ ಮರ್ಯಾದೆ ಸಿಗುತ್ತದೆಯೇ, ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಪೆಟ್ಟು ಬೀಳುತ್ತದೆಯೇ? ಹೊಸ ಟೂಲ್‌ಗಳಿಗೆ, ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಸುವುದಕ್ಕೆ ಸುರಿಯುವ ಹಣಕ್ಕಿಂತ ಈ ಉತ್ತರ ಗುಣಮಟ್ಟವನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೆಚ್ಚು ದೂರವಿಲ್ಲ. ಅಲ್ಲಿ ಸಾಲಿನಲ್ಲಿ ನಿಂತ ಹುಡುಗನಿಗಿರುವ ಹಕ್ಕು ಇಲ್ಲಿ ಕೀಬೋರ್ಡಿನ ಮುಂದೆ ಕೂತವರಿಗೂ ಬೇಕು.

ನಮ್ಮ ನೆಲದಲ್ಲೇ ಹುಟ್ಟಿದ ವಾಹನಗಳೂ ಈಗ ಈ ಪರೀಕ್ಷೆಗೆ ನಿಂತಿವೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು 2001ರಲ್ಲೇ ರಸ್ತೆಗಿಳಿಸಿದ ಊರು ಬೆಂಗಳೂರು. 2018ರಲ್ಲಿ ಇಲ್ಲಿಂದ ಬಂದ ಏಥರ್ 450 ಸ್ಕೂಟರ್ ಮೊದಲಿನಿಂದಲೂ ಓಟಿಎ ಅಪ್‌ಡೇಟ್ ಪಡೆಯುವಂತೆ ರೂಪುಗೊಂಡಿತ್ತು. 2021ರ ಕೊನೆಯಲ್ಲಿ ಕೈಸೇರಿದ ಓಲಾ ಎಸ್1 ಸ್ಕೂಟರುಗಳಲ್ಲಿ ಹೇಳಿದ್ದ ಕ್ರೂಸ್ ಕಂಟ್ರೋಲ್‌ನಂಥ ಸೌಲಭ್ಯಗಳು ಬಂದದ್ದು ತಿಂಗಳುಗಳ ನಂತರ, ಸಾಫ್ಟ್‌ವೇರ್ ರೂಪದಲ್ಲಿ. 2022ರಲ್ಲಿ ಹಲವು ಕಂಪನಿಗಳ ಸ್ಕೂಟರುಗಳು ಹೊತ್ತಿ ಉರಿದಾಗ ಬ್ಯಾಟರಿ ಕೋಶಗಳ ಜೊತೆಗೆ ಅವನ್ನು ಕಾಯುವ ನಿರ್ವಹಣಾ ವ್ಯವಸ್ಥೆಯ ಮೇಲೂ ಕಣ್ಣು ಬಿತ್ತು. ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಅದೇ ವರ್ಷ ಬಿಗಿ ಮಾಡಲಾಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ಸರ್ಕಾರಕ್ಕೆ ಕಡ್ಡಾಯ ರಿಕಾಲ್ ಅಧಿಕಾರವೂ ಬಂದಿದೆ. ಆದರೆ ಲೋಹದ ಭಾಗ ಬದಲಿಸಲು ಸ್ಕೂಟರ್ ಶೋರೂಮಿಗೆ ಹೋಗಬೇಕು, ನಾಲ್ಕು ಜನಕ್ಕೆ ತಿಳಿಯುತ್ತದೆ. ಕೋಡ್ ರಾತ್ರೋರಾತ್ರಿ ಬದಲಾಗುತ್ತದೆ. ಸುರಕ್ಷತೆಗೆ ಸಂಬಂಧಿಸಿದ ಪ್ರತಿಯೊಂದು ಬದಲಾವಣೆಯನ್ನೂ ಏನು, ಏಕೆ ಎಂದು ಮಾಲೀಕರಿಗೆ ಅವರ ಭಾಷೆಯಲ್ಲಿ ತಿಳಿಸುವ ಕಟ್ಟಳೆ ಬರಬೇಕೆಂಬುದು ನನ್ನ ಒತ್ತಾಯ.

ಅಪ್‌ಡೇಟ್ ಮತ್ತು ಸೈಬರ್ ಭದ್ರತೆಗೆ ವಿಶ್ವಸಂಸ್ಥೆಯ ಆರ್155 ಮತ್ತು ಆರ್156 ನಿಯಮಗಳು 2021ರಿಂದ ಇವೆ. 2024ರ ಜುಲೈಯಿಂದ ಯೂರೋಪಿನ ಒಕ್ಕೂಟದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅನ್ವಯವಾದವು. ಹಳೆಯ ವಿನ್ಯಾಸವನ್ನು ಅದಕ್ಕೆ ತಕ್ಕಂತೆ ಬದಲಿಸುವುದಕ್ಕಿಂತ ಪೋರ್ಷೆ ತನ್ನ ಪೆಟ್ರೋಲ್ ಮಕಾನನ್ನು ಅಲ್ಲಿನ ಮಾರುಕಟ್ಟೆಯಿಂದಲೇ ತೆಗೆಯಿತು. ಹೊಸ ಕಾರಿಗೆ ಈ ಕಾವಲು ಸರಿ. ಹಳತಾಗುವ ಕಾರಿನ ಗತಿ ಏನೆಂಬುದು ಇನ್ನೂ ಇತ್ಯರ್ಥವಾಗಿಲ್ಲ. 2022ರಲ್ಲಿ ಅಮೆರಿಕದ ಮೊಬೈಲ್ ಕಂಪನಿಗಳು 3ಜಿ ಜಾಲ ಮುಚ್ಚಿದಾಗ, ಚೆನ್ನಾಗಿಯೇ ಓಡುತ್ತಿದ್ದ ಅನೇಕ ಕಾರುಗಳು ಅಪಘಾತದ ತುರ್ತು ಕರೆ ಮಾಡುವ ಶಕ್ತಿ ಕಳೆದುಕೊಂಡವು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ನವೀಕರಿಸಿಕೊಂಡು ಇನ್ನೂ ಓಡಿಸುವವರಿದ್ದಾರೆ. ಹಳೆಯ ಅಂಬಾಸಡರಿಗೆ ಬೇಕಾದ ಬುಷ್ಷನ್ನು ಲೇತ್ ಯಂತ್ರದಲ್ಲಿ ತಿರುವಿ ಕೊಡುವ ಮೇಸ್ತ್ರಿ ತಾಲ್ಲೂಕು ಊರಿನಲ್ಲೂ ಸಿಗುತ್ತಾನೆ. ಈ ವರ್ಷ ನೋಂದಣಿಯಾದ ಕಾರಿನಲ್ಲಿ 2040ರಲ್ಲಿ ಬ್ರೇಕಿನ ಕೋಡಿನದೊಂದು ದೋಷ ಕಂಡರೆ ಆ ಮೇಸ್ತ್ರಿಯ ಕೈಯಲ್ಲಿ ಏನೂ ಆಗದು. ಅದೇ ಕಂಪೈಲರ್ ಬೇಕು, ಅದೇ ಚಿಪ್ ಬೇಕು, ಸಹಿ ಹಾಕುವ ಕೀಲಿ ಬೇಕು, ತಿದ್ದಿದ್ದನ್ನು ಪರೀಕ್ಷಿಸಲು ಅಂದಿನ ಅದೇ ಬೆಂಚು ಬೇಕು. ಅಷ್ಟು ವರ್ಷ ಅದನ್ನು ಒರೆಸಿ ಜೋಪಾನ ಮಾಡಿಟ್ಟಿದ್ದರೆ, ಆ ಬೆಂಚು ಇರುವುದು ಬಹುಶಃ ಬೆಂಗಳೂರಿನಲ್ಲೇ.